ಹಳೆಯ ಮರದ ಕಟ್ಟಡದ ಹೊರಮೈ ದುರಸ್ತಿ: ಬಣ್ಣಕ್ಕಿಂತ ಮೊದಲು ನೀರು

ಮರದ ಗೋಡೆಯ ಮೇಲೆ ಬಣ್ಣ ಸುಲಿದು ಚಕ್ಕೆ ಎದ್ದಿದ್ದರೆ ಎಲ್ಲರ ಕೈಯೂ ಮೊದಲು ಬ್ರಷ್‌ ಕಡೆಗೇ ಹೋಗುತ್ತದೆ. ಈ ವಿಷಯ ಓದುವ ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಣ್ಣ ಸುಮ್ನೆ ಏಳುವುದಿಲ್ಲ. ಎಷ್ಟೋ ಸಲ ಮರದೊಳಗೆ ಸೇರಿಕೊಂಡ ತೇವವೇ ಅದನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಆ ನೀರು ಎಲ್ಲಿಂದ ಬಂತು ಅಂತ ಗೊತ್ತಾಗದೆ ಎಷ್ಟು ಕೋಟ್ ಬಳಿದರೂ ಕೆಲವೇ ವರ್ಷಗಳಲ್ಲಿ ಮತ್ತೆ ಅದೇ ಕಥೆ.

ವಯಸ್ಸಾಯಿತು ಅನ್ನುವ ಕಾರಣಕ್ಕೆ ಮರ ಕೊಳೆಯುವುದಿಲ್ಲ. ಜಪಾನಿನ ಹೋರ್ಯೂಜಿ ದೇವಾಲಯದ ಹಳೆಯ ಮರದ ಕಟ್ಟಡಗಳು ಸುಮಾರು 1,300 ವರ್ಷದಿಂದ ನಿಂತಿವೆ. ಕೊಳೆಸುವುದು ಶಿಲೀಂಧ್ರ. ಅದಕ್ಕೆ ತೇವ ಬೇಕೇ ಬೇಕು. ಮರದ ತೇವಾಂಶ ಶೇ. 20ರ ಒಳಗಿದ್ದರೆ ಅದು ಬೆಳೆಯುವುದಿಲ್ಲ. ಶೇ. 30ರ ಹತ್ತಿರಕ್ಕೆ ಹೋಗಿ ಅಲ್ಲೇ ನಿಂತರೆ ಕೊಳೆತ ಶುರು.

ಹಾಗಾಗಿ ಪರೀಕ್ಷೆ ಮಾಡುವಾಗ ಮೇಲಿನಿಂದ ಕೆಳಕ್ಕೆ ಬನ್ನಿ: ಚಾವಣಿ, ಸೂರಿನ ದೋಣಿ, ಕಿಟಕಿಯ ಅಂಚು, ಕೊನೆಗೆ ಗೋಡೆ ನೆಲಕ್ಕೆ ತಾಗುವ ಜಾಗ. ಹಲಗೆಗಳ ತುದಿಗಳನ್ನಂತೂ ಬಿಡಲೇಬೇಡಿ. ಅಲ್ಲಿ ಮರದ ಎಳೆಗಳು ಕಡಿದು ಬಾಯಿ ತೆರೆದಿರುತ್ತವೆ. ಹಲಗೆಯ ಅಗಲದ ಮೈಗಿಂತ ಎಷ್ಟೋ ಪಟ್ಟು ಜಾಸ್ತಿ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಕಿಟಕಿಯ ಕೆಳಪಟ್ಟಿ ಮಧ್ಯದಲ್ಲಿ ಗಟ್ಟಿಯಾಗಿದ್ದು ಎರಡೂ ಮೂಲೆಗಳಲ್ಲಿ ಮೆತ್ತಗಾಗುವುದು ಇದಕ್ಕೇ.

ಈಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಒಂದು ದಬ್ಬಳವನ್ನು ಮರಕ್ಕೆ ಓರೆಯಾಗಿ ಚುಚ್ಚಿ, ಮೆಲ್ಲಗೆ ಮೀಟಿ. ಮರ ಚೆನ್ನಾಗಿದ್ದರೆ ಉದ್ದನೆಯ ಸಿಬಿರು ಏಳುತ್ತದೆ, ಒಂದು ತುದಿ ಇನ್ನೂ ಮರಕ್ಕೇ ಅಂಟಿಕೊಂಡಿರುತ್ತದೆ. ಕೊಳೆತಿದ್ದರೆ ಬಿಸ್ಕತ್ತಿನಂತೆ ಅಡ್ಡಕ್ಕೆ ಮುರಿದು ಗಿಡ್ಡ ತುಂಡುಗಳಾಗಿ ಉದುರುತ್ತದೆ. ಮೇಲಿನ ಬಣ್ಣ ನುಣುಪಾಗಿದ್ದರೂ ಒಳಗಿನ ಸ್ಥಿತಿ ಹೀಗೆ ಗೊತ್ತಾಗಿಬಿಡುತ್ತದೆ.

ಕೊಳೆತ ಸಿಕ್ಕಿತು ಅಂತ ಇಡೀ ಹಲಗೆ ಕಿತ್ತು ಹಾಕಬೇಡಿ. ಕೆಟ್ಟಿದ್ದನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ, ಅಷ್ಟೇ ಅಳತೆಯ ಹೊಸ ತುಂಡು ಕೂರಿಸುತ್ತಾರೆ. ಹೊಸದೂ ಅದೇ ಜಾತಿಯ ಮರವಾಗಿರಬೇಕು, ಚೆನ್ನಾಗಿ ಒಣಗಿರಬೇಕು, ಎಳೆಗಳು ಹಳೆಯದರ ದಿಕ್ಕಿಗೇ ಇರಬೇಕು. ಇಲ್ಲದಿದ್ದರೆ ಎರಡೂ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗಿ ಬೆಸುಗೆ ಬಾಯಿ ಬಿಡುತ್ತದೆ. ದೊಡ್ಡ ಗುಂಡಿಗೆ ಬರೀ ಪುಟ್ಟಿ ತುಂಬಿದರೂ ಇದೇ ತೊಂದರೆ.

ರಷ್ಯಾದ ಕಿಝಿ ದ್ವೀಪದಲ್ಲಿ 1714ರ ಒಂದು ಮರದ ಚರ್ಚ್ ಇದೆ. 22 ಗುಮ್ಮಟ, 37 ಮೀಟರ್ ಎತ್ತರ. ಅದರ ದುರಸ್ತಿಗೆ ಮೇಲಿನ ಭಾಗವನ್ನು ಜಾಕ್‌ಗಳ ಮೇಲೆ ಎತ್ತಿ ಹಿಡಿದು, ಕೆಳಗಿನ ದಿಮ್ಮಿಗಳನ್ನು ಒಂದೊಂದು ಹಂತವಾಗಿ ಬಿಚ್ಚಿ ಸರಿಮಾಡಿದರು. ಚೆನ್ನಾಗಿದ್ದ ದಿಮ್ಮಿಗಳು ಮತ್ತೆ ತಮ್ಮ ಜಾಗಕ್ಕೇ ಹೋದವು. ಅಷ್ಟು ದೊಡ್ಡ ಕಟ್ಟಡದಲ್ಲೇ ಇಂಥ ತಾಳ್ಮೆ ಸಾಧ್ಯವಾದರೆ, ಒಂದು ಕಿಟಕಿಪಟ್ಟಿಗೆ ನಾವೂ ಅಷ್ಟು ಮಾಡಬಹುದು, ಅಲ್ವಾ?

ಉದುರಿಹೋದ ಕೆತ್ತನೆ ಇದ್ದರೆ? ಹಳೆಯ ಫೋಟೋ ಅಥವಾ ಉಳಿದ ಜೋಡಿ ತುಂಡು ಸಿಕ್ಕಿದರೆ ಅದನ್ನು ನೋಡಿ ಮಾಡಬಹುದು. ಏನೂ ಸಿಗದಿದ್ದರೆ ಸುಮ್ಮನಿರಬೇಕು. ಊಹೆ ಶುರುವಾಗುವ ಕಡೆ ಕೆಲಸ ನಿಲ್ಲಬೇಕು ಅಂತ 1964ರ ವೆನಿಸ್ ಸನ್ನದು (ಹಳೆಯ ಸ್ಮಾರಕಗಳನ್ನು ಹೇಗೆ ಕಾಪಾಡಬೇಕು ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪತ್ರ) ಸ್ಪಷ್ಟವಾಗಿ ಹೇಳುತ್ತದೆ.

ಬಣ್ಣ ಕೆರೆಯುವ ಮೊದಲು ಎಚ್ಚರ! ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಗಳಿಗೆ ಇಂಥ ಬಣ್ಣ ನಿಷೇಧವಾಗಿದ್ದೇ 1978ರಲ್ಲಿ. ಒಣ ಮರಳುಕಾಗದದಿಂದ ಉಜ್ಜಿದರೆ ಸೀಸ ದೂಳಾಗಿ ಒಳಗೆ ಹೋಗುತ್ತದೆ, ಮಕ್ಕಳಿಗೆ ಅದು ತುಂಬಾ ಅಪಾಯ. ಬೆಂಕಿಯ ಜ್ವಾಲೆ ಹಿಡಿದು ಸುಡುವುದಂತೂ ಬೇಡವೇ ಬೇಡ: ಸೀಸದ ಹೊಗೆ ಏಳುತ್ತದೆ, ಒಣಮರಕ್ಕೆ ಬೆಂಕಿಯೂ ಹತ್ತಬಹುದು. ಮೊದಲು ಪರೀಕ್ಷೆ ಮಾಡಿಸಿ. ಆಮೇಲೆ ಒದ್ದೆ ಮಾಡಿ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಸಿ. ಜೋರು ಒತ್ತಡದ ನೀರು ಬಿಡಬೇಡಿ, ಅದು ಹಲಗೆಗಳ ಹಿಂದಕ್ಕೆ ನುಗ್ಗುತ್ತದೆ. ಗಟ್ಟಿಯಾಗಿ ಅಂಟಿರುವ ಬಣ್ಣದ ಒಂದು ಚಿಕ್ಕ ಜಾಗವನ್ನಾದರೂ ಹಾಗೇ ಉಳಿಸಿ, ಕಟ್ಟಡದ ಹಿಂದಿನ ಬಣ್ಣಗಳ ಇತಿಹಾಸ ಅದರ ಪದರಗಳಲ್ಲೇ ಇರುತ್ತದೆ.

ಬರಿ ಮರವನ್ನು ವಾರಗಟ್ಟಲೆ ಬಿಸಿಲಿಗೆ ಬಿಟ್ಟರೆ ಮೇಲ್ಪದರ ಬೂದಿಬಣ್ಣಕ್ಕೆ ತಿರುಗಿ, ಹೊಸ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಮರ ಒಣಗಿದ ಕೂಡಲೇ ಪ್ರೈಮರ್ ಹಚ್ಚಿ, ಹಲಗೆಯ ತುದಿಗಳಿಗೆ ಎರಡು ಸಲ. ಒಂದರ ಮೇಲೊಂದು ಹತ್ತಿ ಕೂತ ಹಲಗೆಗಳ ಕೆಳ ಅಂಚಿನ ಸಂದನ್ನು ಮಾತ್ರ ಮುಚ್ಚಬೇಡಿ. ಒಳಗೆ ಹೋದ ನೀರು ಹೊರಗೆ ಬರುವುದು ಅಲ್ಲಿಂದಲೇ.