ಗ್ಯಾಲಕ್ಸಿಗಳ ಗುಂಪು ನೋಡಿ ಡಾರ್ಕ್ ಮ್ಯಾಟರ್ ಮಾದರಿಗಳನ್ನು ಒರೆಗೆ ಹಚ್ಚುವುದು

ಮಾನಸಗಂಗೋತ್ರಿಯಲ್ಲಿ ನಾವು ಎಂ.ಎಸ್ಸಿ. ಗೆಳೆಯರು ಕೂತು ಓದುವಾಗ ಎಲ್ಲರೂ ತಡವರಿಸುವುದು ಒಂದೇ ಕಡೆ: ಕಾಣುವ ಗ್ಯಾಲಕ್ಸಿಗಳನ್ನು ಎಣಿಸಿ ಕಾಣದ ದ್ರವ್ಯದ, ಅಂದರೆ ಡಾರ್ಕ್ ಮ್ಯಾಟರ್‌ನ, ಬಗ್ಗೆ ತೀರ್ಪು ಕೊಡುವುದು ಹೇಗೆ?

ಮೊದಲು ಎಣಿಕೆ. ಆಕಾಶದ ಸರ್ವೆಯಲ್ಲಿ ಸಿಕ್ಕ ಗ್ಯಾಲಕ್ಸಿಗಳಲ್ಲಿ, ಒಂದು ಗೊತ್ತಾದ ದೂರದಲ್ಲಿರುವ ಜೋಡಿಗಳು ಎಷ್ಟು ಎಂದು ಲೆಕ್ಕ ಹಾಕಬೇಕು. ಅಷ್ಟೇ ಚುಕ್ಕೆಗಳನ್ನು ಅದೇ ಜಾಗದಲ್ಲಿ ಅಡ್ಡಾದಿಡ್ಡಿ ಚೆಲ್ಲಿದ್ದರೆ 100 ಜೋಡಿ ಸಿಗಬೇಕಿತ್ತು, ಸಿಕ್ಕಿದ್ದು 200 ಅಂತಿಟ್ಟುಕೊಳ್ಳಿ. ಹೆಚ್ಚಿಗೆ ಬಂದ 100ನ್ನು 100ರಿಂದ ಭಾಗಿಸಿದರೆ 1. ಆ ದೂರಕ್ಕೆ ಕೊರಿಲೇಶನ್ ಫಂಕ್ಷನ್‌ನ ಬೆಲೆ ಇದೇ. ಸಾಮಾನ್ಯ ಗ್ಯಾಲಕ್ಸಿಗಳಿಗೆ ಈ ಬೆಲೆ 1 ಆಗುವುದು ಸುಮಾರು 2.3 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಅಲ್ಲಿಂದ ದೂರ ದುಪ್ಪಟ್ಟಾದರೆ ಬೆಲೆ ಹೆಚ್ಚುಕಡಿಮೆ ಮೂರೂವರೆ ಪಟ್ಟು ಇಳಿಯುತ್ತದೆ. ದೂರಕ್ಕೆ ತಕ್ಕಂತೆ ಈ ಬೆಲೆಗಳನ್ನು ಗುರುತು ಹಾಕಿದರೆ ಇಳಿಯುವ ಒಂದು ರೇಖೆ ಸಿಗುತ್ತದೆ. ಡಾರ್ಕ್ ಮ್ಯಾಟರ್‌ನ ಯಾವುದೇ ಮಾದರಿ ಈ ಇಳಿಜಾರನ್ನು ತಾನಾಗಿ ಹುಟ್ಟಿಸಬೇಕು.

1980ರ ಆಸುಪಾಸಿನಲ್ಲಿ, ಸುಮಾರು 30 ಎಲೆಕ್ಟ್ರಾನ್‌ವೋಲ್ಟ್ (ಕಣಗಳ ರಾಶಿ ಅಳೆಯುವ ಏಕಮಾನ) ರಾಶಿಯ, ತೀರಾ ಹಗುರ ಕಣಗಳಾದ ನ್ಯೂಟ್ರಿನೊಗಳೇ ಡಾರ್ಕ್ ಮ್ಯಾಟರ್ ಇರಬಹುದೆಂದು ಅನೇಕರು ನಂಬಿದ್ದರು. ಇಂಥ ಕಣಗಳು ವಿಶ್ವದ ಆರಂಭದಲ್ಲಿ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತಿರುತ್ತವೆ. ಆ ಓಟದಲ್ಲಿ ಸಾಂದ್ರತೆಯ ಸಣ್ಣ ಏರಿಳಿತಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಮೊದಲು ರೂಪುಗೊಳ್ಳುವುದು ಸೂಪರ್‌ಕ್ಲಸ್ಟರ್‌ನಷ್ಟು (ಗ್ಯಾಲಕ್ಸಿ ಗುಂಪುಗಳದೇ ಒಂದು ಗುಂಪು) ದೊಡ್ಡ ಮುದ್ದೆ, ಅದು ಒಡೆದ ಮೇಲೆ ಗ್ಯಾಲಕ್ಸಿಗಳು. 1983ರಲ್ಲಿ ವೈಟ್, ಫ್ರೆಂಕ್ ಮತ್ತು ಡೇವಿಸ್ ಎಂಬ ವಿಜ್ಞಾನಿಗಳು ಇದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಗ್ಯಾಲಕ್ಸಿಗಳು ಹುಟ್ಟುವಷ್ಟರಲ್ಲಿ ಗುಂಪುಗಾರಿಕೆ ಮಿತಿಮೀರಿ ಬೆಳೆಯುತ್ತಿತ್ತು. ಸರ್ವೆಗೆ ಹೊಂದಿಸಬೇಕೆಂದರೆ ಗ್ಯಾಲಕ್ಸಿಗಳು ತೀರಾ ಈಚೆಗೆ ಹುಟ್ಟಿದವು ಎನ್ನಬೇಕು. ಆದರೆ ಎಷ್ಟೋ ಹಳೆಯ ಕ್ವೇಸಾರ್‌ಗಳು (ಬಹು ದೂರದ, ತುಂಬಾ ಪ್ರಕಾಶಮಾನವಾದ ಗ್ಯಾಲಕ್ಸಿ ಕೇಂದ್ರಗಳು) ಆಗಲೇ ಕಂಡಿದ್ದವು. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇದೇ. ಮಾದರಿಯನ್ನು ಕೆಡವಿದ್ದು ಯಾವುದೋ ಒಂದು ಅಂಕಿಯಲ್ಲ, ಗುಂಪಿನ ಗಾತ್ರ ಮತ್ತು ಹುಟ್ಟಿದ ಕಾಲ ಒಂದಕ್ಕೊಂದು ತಾಳೆಯಾಗದೆ ಹೋದದ್ದು.

ಇಲ್ಲೊಂದು ಎಚ್ಚರಿಕೆ ಬೇಕು. ಮಂಡ್ಯದ ಕಡೆ ಭತ್ತ, ಕಬ್ಬಿನ ಹಸಿರು ಎಲ್ಲೆಲ್ಲಿದೆ ಎಂದು ನೋಡಿ ವಿ.ಸಿ. ನಾಲೆ ಹೋಗುವ ದಾರಿ ಊಹಿಸಬಹುದು. ಯಾವ ಗದ್ದೆಗೆ ಎಷ್ಟು ನೀರು ಹರಿಯಿತೆಂದು ಹೇಳಲಾಗದು. ಗ್ಯಾಲಕ್ಸಿಗಳೂ ಡಾರ್ಕ್ ಮ್ಯಾಟರ್ ದಟ್ಟವಾಗಿರುವ ಕಡೆಯೇ ಹೆಚ್ಚು, ಆದರೆ ಅದೇ ಪ್ರಮಾಣದಲ್ಲಲ್ಲ. ಇದಕ್ಕೆ ಬಯಾಸ್ ಎನ್ನುತ್ತಾರೆ. ಪ್ರಕಾಶಮಾನ ಗ್ಯಾಲಕ್ಸಿಗಳ ಬಯಾಸ್ ಮಂದವಾದವುಗಳಿಗಿಂತ ಹೆಚ್ಚು. ಬಯಾಸ್ ಇಡೀ ರೇಖೆಯನ್ನು ಮೇಲೆ ಕೆಳಗೆ ಸರಿಸಬಲ್ಲದು. ದೊಡ್ಡ ದೂರಗಳಲ್ಲಿ ರೇಖೆಯ ಆಕಾರವನ್ನು ಅಷ್ಟು ಸುಲಭವಾಗಿ ಬದಲಿಸಲಾರದು. ಅದಕ್ಕೇ ಆಕಾರವನ್ನೇ ನಂಬಬೇಕು.

ನಿಧಾನಗತಿಯ ಕಣಗಳ ಕೋಲ್ಡ್ ಡಾರ್ಕ್ ಮ್ಯಾಟರ್ ಕೂಡ ಇದೇ ಪರೀಕ್ಷೆಯಲ್ಲಿ ಎಡವಿತು. 1990ರಲ್ಲಿ ಎಪಿಎಂ ಎಂಬ ಗ್ಯಾಲಕ್ಸಿ ಸರ್ವೆಯ ರೇಖೆ, ದೊಡ್ಡ ದೂರಗಳಲ್ಲಿ ಆಗಿನ ಮಾದರಿ ಹೇಳಿದ್ದಕ್ಕಿಂತ ಮೇಲೆಯೇ ಇತ್ತು. ದ್ರವ್ಯದ ಪಾಲು ಇಳಿಸಿ, ಉಳಿದದ್ದನ್ನು ಕಾಸ್ಮಾಲಾಜಿಕಲ್ ಕಾನ್‌ಸ್ಟೆಂಟ್‌ಗೆ (ವಿಶ್ವದ ಹಿಗ್ಗುವಿಕೆಯನ್ನು ಚುರುಕುಗೊಳಿಸುವ, ಖಾಲಿ ಜಾಗದ ಶಕ್ತಿ) ಬಿಟ್ಟರೆ ಲೆಕ್ಕ ಸರಿಹೋಗುತ್ತಿತ್ತು. ಸೂಪರ್‌ನೋವಾಗಳಿಂದ (ಸಿಡಿಯುವ ನಕ್ಷತ್ರಗಳು) ವಿಶ್ವದ ಹಿಗ್ಗುವಿಕೆಯ ವೇಗೋತ್ಕರ್ಷ ತಿಳಿದದ್ದು 1998ರಲ್ಲಿ, ಅಂದರೆ ಎಂಟು ವರ್ಷ ಆಮೇಲೆ! 2005ರಲ್ಲಿ ಸ್ಲೋನ್ ಸರ್ವೆಯ 46,748 ಕೆಂಪು ಗ್ಯಾಲಕ್ಸಿಗಳ ಎಣಿಕೆಯಲ್ಲಿ, ಸುಮಾರು 50 ಕೋಟಿ ಜ್ಯೋತಿರ್ವರ್ಷದ ಬಳಿ ಒಂದು ಸಣ್ಣ ಉಬ್ಬು ಕಂಡಿತು. ಆರಂಭಿಕ ವಿಶ್ವದ ಶಬ್ದತರಂಗಗಳ ಗುರುತು ಅದು.

ಆದರೆ ಕಣ ಯಾವುದೆಂದು ಈ ದೊಡ್ಡ ದೂರಗಳು ಹೇಳುವುದಿಲ್ಲ. ಅಲ್ಲಿ ಕೋಲ್ಡ್ ಮತ್ತು ವಾರ್ಮ್ (ಕಣಗಳು ಕೋಲ್ಡ್‌ಗಿಂತ ವೇಗ, ನ್ಯೂಟ್ರಿನೊಗಿಂತ ನಿಧಾನ) ಮಾದರಿಗಳ ರೇಖೆಗಳು ಒಂದರ ಮೇಲೊಂದು ಕೂರುತ್ತವೆ. ಅವು ಬೇರೆಯಾಗುವುದು ಕುಬ್ಜ ಗ್ಯಾಲಕ್ಸಿಗಳ ಮಟ್ಟದಲ್ಲಿ, ಮತ್ತು ದೂರದ ಕ್ವೇಸಾರ್‌ಗಳ ಬೆಳಕಿನಲ್ಲಿ ಹೈಡ್ರೋಜನ್ ಮೋಡಗಳು ಮೂಡಿಸುವ ಕಪ್ಪು ಗೆರೆಗಳಲ್ಲಿ.