ನೀರೇ ಹಾಕುವ ಬೀಗ

ಇಂಗ್ಲೆಂಡಿನ ಡಿವೈಜಸ್ ಊರಿನ ಪಕ್ಕ, ಕೇನ್ ಹಿಲ್ ಇಳಿಜಾರಿನಲ್ಲಿ, ನನ್ನ ಭಾವ ಒಂದು ಮರದ ತೊಲೆಗೆ ಬೆನ್ನು ಕೊಟ್ಟು ಶಕ್ತಿಯೆಲ್ಲ ಹಾಕಿ ತಳ್ಳುತ್ತಿದ್ದರು. ತೊಲೆಯ ಇನ್ನೊಂದು ತುದಿ ಕಾಲುವೆಯ ಕದಕ್ಕೆ ಸೇರಿತ್ತು. ಕದ ಒಂದು ಚೂರೂ ಅಲ್ಲಾಡಲಿಲ್ಲ.

"ಜಾಮ್ ಆಗಿದೆ ಕಣಪ್ಪಾ. ಇದರ ಮೋಟರ್ ಎಲ್ಲಿದೆ ಅಂತ ಕೇಳು" ಅಂದರು.

ಜಾಮ್ ಏನೂ ಆಗಿರಲಿಲ್ಲ. ಲಾಕ್, ಅಂದರೆ ದೋಣಿಯನ್ನು ಹತ್ತಿಸಿ ಇಳಿಸುವ ಕಾಲುವೆಯ ತೊಟ್ಟಿ, ನೋಡಿಕೊಳ್ಳುವ ಸ್ವಯಂಸೇವಕಿ ಬಂದು, ಒಂದು ನಿಮಿಷ ತಾಳಿ ಅಂದರು. ಒಳಗಿನ ನೀರು ಇನ್ನೂ ನಾಲ್ಕು ಬೆರಳು ಏರಬೇಕಿತ್ತು. ಏರಿತು. ಭಾವ ಮತ್ತೆ ಸ್ವಲ್ಪ ಒರಗಿದರು ಅಷ್ಟೇ. ಟನ್ನುಗಟ್ಟಲೆ ತೂಕದ ಕದ ತೊಟ್ಟಿಲು ತೂಗಿದ ಹಾಗೆ ಸರಿಯಿತು.

ಹಳೆಯ ಕಾಲುವೆಗಳನ್ನು ತೋರಿಸುವ ಕೋಚ್ ಪ್ರವಾಸ ಅದು. ಗೈಡ್ ಜೊತೆ ಸುಮಾರು ಮೂವತ್ತು ಜನ ಇದ್ದೆವು. ಕನ್ನಡದವರು ನಾವಿಬ್ಬರೇ. ನೋಡಲು ಹೊರಟಿದ್ದು ಕೆನೆಟ್ ಅಂಡ್ ಏವನ್ ಕಾಲುವೆ. ಜಾನ್ ರೆನ್ನಿ ಎಂಬ ಎಂಜಿನಿಯರ್ ಕಟ್ಟಿಸಿದ್ದು, 1810ರಲ್ಲಿ ಪೂರ್ತಿಯಾಯಿತು. ಕೇನ್ ಹಿಲ್ ಹತ್ತಿರ ನೆಲ 3 ಕಿಲೋಮೀಟರ್ ಚಿಲ್ಲರೆ ದೂರದಲ್ಲಿ 72 ಮೀಟರ್ ಏರುತ್ತದೆ. ಅಷ್ಟು ಹತ್ತಲು 29 ಲಾಕ್‌ಗಳಿವೆ. ಅದರಲ್ಲಿ 16 ಒಂದೇ ಸಾಲಿನಲ್ಲಿ, ದೇವಸ್ಥಾನದ ಮೆಟ್ಟಿಲಿನ ಹಾಗೆ. ಹತ್ತಿ ಮುಗಿಸಲು ದೋಣಿಗೆ ಐದಾರು ತಾಸು ಬೇಕು.

ಲಾಕ್ ಅಂದರೆ ಎರಡೂ ತುದಿಗೆ ಕದ ಇರುವ ಕಲ್ಲಿನ ತೊಟ್ಟಿ. ಕದದ ಬುಡದಲ್ಲಿ ಚಿಕ್ಕ ತೂಬುಗಳಿರುತ್ತವೆ. ಕೆಳಗಿನಿಂದ ದೋಣಿ ಒಳಗೆ ಬಂದ ಮೇಲೆ ಹಿಂದಿನ ಕದ ಮುಚ್ಚಬೇಕು. ಮೇಲಿನ ತೂಬು ಎತ್ತಿದರೆ ತೊಟ್ಟಿ ತುಂಬುತ್ತದೆ, ದೋಣಿ ತೇಲಿಕೊಂಡು ಮೇಲೆ ಬರುತ್ತದೆ. ಮಂಡ್ಯದ ನಾಲೆ ಬಯಲಲ್ಲಿ ಗದ್ದೆ ಮಾಡಿದ ಭಾವನಿಗೆ ತೂಬಿನ ವಿಷಯ ಹೇಳಿಕೊಡಬೇಕಿಲ್ಲ. ಅವರಿಗೆ ಅರ್ಥವಾಗದ್ದು ಕದ. ನನಗೂ ಈ ಇಡೀ ಏರ್ಪಾಟಿನಲ್ಲಿ ಜಾಸ್ತಿ ಇಷ್ಟವಾದದ್ದು ಆ ಕದವೇ.

ಅದಕ್ಕೆ ಅಗುಳಿ ಇಲ್ಲ, ಚಿಲಕ ಇಲ್ಲ. ಎರಡು ಕದ ಮುಚ್ಚಿದಾಗ ನೇರವಾಗಿ ನಿಲ್ಲುವುದಿಲ್ಲ. ನೀರು ಎತ್ತರವಿರುವ ಕಡೆಗೆ ಮೂತಿ ಚಾಚಿ, ಬಾಣದ ಮೊನೆಯ ಹಾಗೆ ಕೂಡುತ್ತವೆ. ಆ ಕಡೆಯ ನೀರು ತಳ್ಳಿದಷ್ಟೂ ಅವು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ನಿಮ್ಮ ಎರಡು ಕೈಯ ಬೆರಳ ತುದಿ ಮಾತ್ರ ತಾಗಿಸಿ, ಹೆಂಚಿನ ಮಾಡಿನ ಹಾಗೆ ಹಿಡಿಯಿರಿ. ಯಾರಾದರೂ ಆ ಮೊನೆಯ ಮೇಲೆ ಒತ್ತಲಿ. ಬೆರಳು ಬಿಟ್ಟುಕೊಳ್ಳುವುದಿಲ್ಲ, ಬಿಗಿಯಾಗುತ್ತದೆ. ಹಳೇ ಸೇತುವೆಯ ಕಲ್ಲಿನ ಕಮಾನೂ ಹೀಗೇ, ಭಾರವೇ ಅದನ್ನು ಹಿಡಿದಿಡುತ್ತದೆ. ಇನ್ನೂ ಚೆನ್ನಾದ ಹೋಲಿಕೆ ಅಡುಗೆಮನೆಯಲ್ಲಿದೆ. ಕೆಲವು ಕುಕ್ಕರ್‌ಗಳ ಮುಚ್ಚಳ ಒಳಗಡೆಯಿಂದ ಕೂರುತ್ತದೆ ಅಲ್ವಾ? ಹಬೆ ಅದನ್ನು ಅಂಚಿಗೆ ಒತ್ತಿ ಹಿಡಿದಿರುತ್ತದೆ. ಪ್ರೆಶರ್ ಇಳಿಯುವ ತನಕ ಪೈಲ್ವಾನ್ ಬಂದರೂ ತೆಗೆಯಲಾಗದು. ಇಳಿದರೆ ಮಗುವೂ ತೆಗೆಯುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಕದ ಏಳು ಅಡಿ ಅಗಲ, ಐದು ಅಡಿ ಆಳ ನೀರಲ್ಲಿ ನಿಂತಿದೆ ಅಂದುಕೊಳ್ಳೋಣ. ಎರಡೂ ಬದಿಯ ನೀರಿಗೆ ಇರುವ ವ್ಯತ್ಯಾಸ ಬರೀ 10 ಸೆಂಟಿಮೀಟರ್. ಆಗಲೂ ಕದದ ಮೇಲೆ 300 ಕಿಲೋಗಿಂತ ಜಾಸ್ತಿ ಒತ್ತಡ ಬೀಳುತ್ತದೆ. ಭಾವ ತಳ್ಳುತ್ತಿದ್ದದ್ದು ಮರವನ್ನಲ್ಲ, ಆ ನಾಲ್ಕು ಬೆರಳು ನೀರನ್ನು. ವ್ಯತ್ಯಾಸ ಸೊನ್ನೆಯಾದ ಕ್ಷಣ ನೀರೇ ಬೀಗ ತೆಗೆಯಿತು. ಅವಸರ ಮಾಡಿದವರಿಗೆ ಈ ಕದ ತೆರೆಯುವುದೇ ಇಲ್ಲ. ಹಾಗಾಗಿ ಮೇಲಿನ ನೀರು ಒಮ್ಮೆಲೇ ದೋಣಿಯ ಮೇಲೆ ನುಗ್ಗುವ ಭಯವೂ ಇಲ್ಲ.

ಬಸ್ಸಿನಲ್ಲಿ ಯಾರೋ, ಲಾಕ್ ಕಂಡುಹಿಡಿದದ್ದು ಲಿಯೊನಾರ್ಡೊ ಡ ವಿಂಚಿ ಅಂದರು. ಇದನ್ನು ಎಷ್ಟು ಸಲ ಕೇಳಿದ್ದೇನೋ! ಹಾಗಲ್ಲ. ಲಿಯೊನಾರ್ಡೊಗಿಂತ ಐನೂರು ವರ್ಷ ಮೊದಲೇ, 984ರಲ್ಲಿ, ಚೀನಾದ ಮಹಾಕಾಲುವೆಯಲ್ಲಿ ಚಿಯಾವ್ ವೈಯುವೆ ಎಂಬ ಅಧಿಕಾರಿ ಇದನ್ನು ಕಟ್ಟಿಸಿದ್ದ. ಅದಕ್ಕೆ ಮುಂಚೆ ದೋಣಿಗಳನ್ನು ಹಗ್ಗ ಕಟ್ಟಿ ಇಳಿಜಾರಿನ ಮೇಲೆ ಎಳೆಯುತ್ತಿದ್ದರು. ದೋಣಿ ಒಡೆಯುತ್ತಿತ್ತು, ಆ ಗಲಾಟೆಯಲ್ಲಿ ತೆರಿಗೆಯ ಧಾನ್ಯ ಕಳುವಾಗುತ್ತಿತ್ತು. ಐವತ್ತು ಹೆಜ್ಜೆಗಿಂತ ಜಾಸ್ತಿ ಅಂತರ ಬಿಟ್ಟು ಎರಡು ಗೇಟ್ ಹಾಕಿಸಿದ, ಎಳೆದಾಟ ನಿಂತಿತು. ಆದರೆ ಅವು ಮೇಲಕ್ಕೆ ಎತ್ತುವ ಗೇಟ್‌ಗಳು. ಲಿಯೊನಾರ್ಡೊ ಮಿಲಾನ್‌ನಲ್ಲಿದ್ದಾಗಿನ ಚಿತ್ರಗಳಲ್ಲಿ ಸಿಗುವುದು ಮೊನೆಯಾಗಿ ಕೂಡುವ ಈ ಜೋಡಿ ಕದ. ಅವನ ಹೆಸರು ಅದಕ್ಕೆ ಅಂಟಿದರೆ ನ್ಯಾಯ. ಇಡೀ ಲಾಕ್‌ಗೆ ಅಂಟಿಸಿದರೆ ಆ ಚೀನೀ ಅಧಿಕಾರಿಗೆ ಮೋಸ. ಅಂದಹಾಗೆ ನಮ್ಮ ತುಂಗಭದ್ರೆಯ ನೀರಿಗೂ ಲಾಕ್‌ಗಳ ಪರಿಚಯ ಇತ್ತು. ಸುಂಕೇಸುಲದಿಂದ ಹೊರಡುವ ಕರ್ನೂಲು–ಕಡಪ ಕಾಲುವೆಯನ್ನು 19ನೇ ಶತಮಾನದಲ್ಲಿ ಗದ್ದೆಗಷ್ಟೇ ಅಲ್ಲ, ದೋಣಿಗೂ ಅಂತ ತೋಡಿದ್ದರು.

ಇನ್ನೊಂದು ತಪ್ಪು ಕಲ್ಪನೆ ಭಾವನದ್ದೇ. ದೋಣಿ ಭಾರ ಇದ್ದರೆ ತೊಟ್ಟಿ ತುಂಬಲು ನೀರು ಜಾಸ್ತಿ ಬೇಕು ಅಂತ. ಬೇಡ! ಒಂದು ನೆಟ್ಟನೆಯ ಡ್ರಮ್ಮಿನಲ್ಲಿ ಅರ್ಧ ನೀರಿರಲಿ, ಅದರಲ್ಲಿ ಒಂದು ತೆಂಗಿನಕಾಯಿ ತೇಲಲಿ. ನೀರನ್ನು ಒಂದು ಗೇಣು ಏರಿಸಬೇಕು. ಕಾಯಿ ಇದ್ದರೂ ಇಲ್ಲದಿದ್ದರೂ ಬೇಕಾಗುವುದು ಅಷ್ಟೇ ಕೊಡ ನೀರು. ಕಾಯಿ ತನ್ನ ಜಾಗದ ನೀರನ್ನು ಇಳಿಯುವಾಗಲೇ ಸರಿಸಿಬಿಟ್ಟಿದೆ. ದೋಣಿಯೂ ಹಾಗೇ. ಅದು ಮೇಲಿನ ಕಾಲುವೆಗೆ ದಾಟುವಾಗ ಮಾತ್ರ, ತನ್ನ ತೂಕದಷ್ಟೇ ನೀರು ಅಲ್ಲಿಂದ ತೊಟ್ಟಿಗೆ ಬರುತ್ತದೆ. ಇಳಿಯುವ ದೋಣಿ ಅಷ್ಟೇ ನೀರನ್ನು ಮೇಲಕ್ಕೆ ತಳ್ಳಿ ತೊಟ್ಟಿಗೆ ಬರುತ್ತದೆ. ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಎಷ್ಟು ಚೊಕ್ಕ!

"ಸರಿ, ಆದರೆ ಪ್ರತಿ ಸಲ ಒಂದು ತೊಟ್ಟಿ ನೀರು ಕೆಳಗೆ ಹೋಯಿತಲ್ಲ. ಮೇಲೆ ಖಾಲಿಯಾಗುವುದಿಲ್ಲವಾ?" ಅಂದರು ಭಾವ. ಬೇಸಾಯಗಾರ ಕೇಳುವ ಪ್ರಶ್ನೆ ಇದು. ಒಂದು ಲಾಕ್ ತುಂಬಲು ಎರಡು ಲಕ್ಷ ಲೀಟರ್‌ಗಿಂತ ಜಾಸ್ತಿ ಬೇಕು. ದೋಣಿಯನ್ನು ಎತ್ತಿದ ಶಕ್ತಿಯೆಲ್ಲ ಹೀಗೆ ಇಳಿದುಹೋದ ನೀರಿನದೇ.

ಬೆಳಿಗ್ಗೆ ಕೋಚ್ ನಿಂತಿದ್ದ ಕ್ರಾಫ್ಟನ್ ಪಂಪ್‌ಹೌಸ್ ಇರುವುದು ಇದಕ್ಕೇ. ಕಾಲುವೆಯ ಅತಿ ಎತ್ತರದ ಭಾಗಕ್ಕೆ ನೀರು ಎತ್ತಲು ಅಲ್ಲಿ ಬೌಲ್ಟನ್ ಅಂಡ್ ವಾಟ್ ಕಂಪನಿಯ 1812ರ ಹಬೆ ಎಂಜಿನ್ ಇದೆ. ಎರಡು ನೂರು ವರ್ಷದ ಮೇಲೂ ಅದೇ ಕಟ್ಟಡದಲ್ಲಿದೆ, ಹಬೆ ಕೊಟ್ಟರೆ ಇವತ್ತಿಗೂ ನೀರೆತ್ತುತ್ತದೆ. ಕೇನ್ ಹಿಲ್‌ನ ಬುಡದಲ್ಲಿ, ಫಾಕ್ಸ್‌ಹ್ಯಾಂಗರ್ಸ್ ಎಂಬಲ್ಲಿ, 1996ರಿಂದ ಪಂಪುಗಳಿವೆ. ದಿನಕ್ಕೆ ಸುಮಾರು 3 ಕೋಟಿ 20 ಲಕ್ಷ ಲೀಟರ್ ನೀರನ್ನು ಮತ್ತೆ ಮೇಲಕ್ಕೆ ಕಳಿಸಬಲ್ಲವು. 11 ನಿಮಿಷಕ್ಕೆ ಒಂದು ತೊಟ್ಟಿ ಅಂದ ಹಾಗೆ.

"ಹಾಗಾದರೆ ಮೋಟರ್ ಇದೆ" ಅಂದರು ಭಾವ.

ಇದೆ. ನೀರಿಗೆ ಇದೆ, ದೋಣಿ ಎತ್ತಲೂ ಕದ ತೆರೆಯಲೂ ಇಲ್ಲ. ಅಷ್ಟರಲ್ಲಿ ಮುಂದಿನ ಲಾಕ್‌ಗೆ ದೋಣಿ ಬಂದಿತ್ತು. ಭಾವ ಹೋಗಿ ತೊಲೆ ಹಿಡಿದುಕೊಂಡರು. ಈ ಸಲ ತಳ್ಳಲಿಲ್ಲ. ಬಗ್ಗಿ ನೀರು ನೋಡುತ್ತಾ ನಿಂತರು.