ಒಂದೇ ಪುಣೆಯಲ್ಲಿ ಎರಡು ಊರು ಏಕೆ?

ಪ್ರಶ್ನೆ: ಹುಬ್ಬಳ್ಳಿಯಿಂದ ಪುಣೆಗೆ ಬಂದು ವರ್ಷವಾಯಿತು. ಸದಾಶಿವ ಪೇಠೆಯ ಗಲ್ಲಿ ದಾಟಿ ಕ್ಯಾಂಪಿನ ಎಂ.ಜಿ. ರಸ್ತೆಗೆ ಹೋದರೆ ಬೇರೆ ಊರಿಗೇ ಕಾಲಿಟ್ಟ ಹಾಗಾಗುತ್ತದೆ. ಯಾಕೆ ಹೀಗೆ?

ಉತ್ತರ: ಇಲ್ಲಿಗೆ ಬಂದ ಕನ್ನಡಿಗರಲ್ಲಿ ಹೆಚ್ಚಿನವರು ಒಮ್ಮೆಯಾದರೂ ಕೇಳುವ ಪ್ರಶ್ನೆ ಇದು. ಬೆಂಗಳೂರಿನ ಪೇಟೆ–ದಂಡು ನೋಡಿದ್ದರೆ ಅರ್ಧ ಉತ್ತರ ನಿಮ್ಮ ಬಳಿಯೇ ಇದೆ. ಉಳಿದರ್ಧ ಇರುವುದು ಪುಣೆಯ ಉತ್ತರದ ಖಡಕಿಯಲ್ಲಿ, 1817ರ ನವೆಂಬರ್ 5ರ ಮಧ್ಯಾಹ್ನ ಪೇಶ್ವೆಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಕಾಳಗದಲ್ಲಿ.

ಪೇಠೆಗಳು ಮೊದಲಿನವು. ಕಸಬಾ ಹಳೆಯದು, ಪೇಶ್ವೆಗಳ ಕಾಲದಲ್ಲಿ ಶನಿವಾರವಾಡೆಯ ಸುತ್ತ ಊರು ಬೆಳೆಯಿತು. ಕೆಲವು ಪೇಠೆಗಳಿಗೆ ವಾರದ ಹೆಸರು, ಕೆಲವಕ್ಕೆ ಮನುಷ್ಯರ ಹೆಸರು. ನಿಮ್ಮ ಸದಾಶಿವ ಪೇಠೆ 1761ರಲ್ಲಿ ಪಾಣಿಪತ್ತಿನಲ್ಲಿ ಮಡಿದ ಸದಾಶಿವರಾವ್ ಭಾವೂ ಅವರ ನೆನಪಿನದು.

ಕ್ಯಾಂಪಿನ ಬೀಜ ಬಿದ್ದದ್ದು 1802ರಲ್ಲಿ. ಪುಣೆಯ ಬಳಿಯ ಹಡಪಸರದಲ್ಲಿ ಮರಾಠಾ ಸರದಾರ ಯಶವಂತರಾವ್ ಹೋಳ್ಕರ್ ಗೆದ್ದಾಗ ಪೇಶ್ವೆ ಎರಡನೇ ಬಾಜೀರಾವ್ ವಸಯಿಗೆ ಓಡಿ, ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಗದ್ದುಗೆ ಮರಳಿ ಸಿಕ್ಕಿತು. ಜೊತೆಗೆ ಕಂಪನಿಯ ದಂಡೂ ಬಂದು ಊರಾಚೆ ಬಿಡಾರ ಹೂಡಿತು.

ಹದಿನೈದು ವರ್ಷದ ಹೊಗೆ 1817ರಲ್ಲಿ ಹೊತ್ತಿಕೊಂಡಿತು. ಮುಳಾ–ಮುಠಾ ಸಂಗಮದ ಬಳಿ ಇದ್ದ ಕಂಪನಿಯ ಪ್ರತಿನಿಧಿ (ರೆಸಿಡೆಂಟ್) ಎಲ್ಫಿನ್‌ಸ್ಟನ್ ತನ್ನ ಬಂಗಲೆ ಬಿಟ್ಟು ಖಡಕಿಯ ಸೈನ್ಯ ಸೇರಿಕೊಂಡ. ಹಿಂದೆಯೇ ಆ ಬಂಗಲೆ, ಅವನ ಪುಸ್ತಕಗಳು ಎಲ್ಲ ಸುಟ್ಟು ಬೂದಿಯಾದವು. ಪೇಶ್ವೆಯ ಕಡೆ ಬಾಪು ಗೋಖಲೆಯ ನಾಯಕತ್ವದಲ್ಲಿ ಸುಮಾರು 18,000 ಕುದುರೆ ಸವಾರರು, 8,000 ಕಾಲಾಳು. ಕಂಪನಿಯ ಕಡೆ ಸುಮಾರು 2,800 ಮಂದಿ. ಪೇಶ್ವೆ ಪರ್ವತಿ ಗುಡ್ಡದ ಮೇಲೆ ನಿಂತು ನೋಡುತ್ತಿದ್ದ. ಕಡಿಮೆ ಇದ್ದವರು ಕಾಯುತ್ತಾ ಕೂರದೆ ತಾವೇ ಮುಂದೆ ಬಂದರು. ಮರಾಠಾ ಸವಾರರು ನುಗ್ಗಿದಾಗ ನಡುವೆ ಜೌಗು ನೆಲ ಸಿಕ್ಕಿತು. ಕುದುರೆಗಳು ಹೂತವು, ಸಾಲು ಮುರಿಯಿತು, ಎದುರಿನಿಂದ ಗುಂಡು. ಪೇಶ್ವೆಯ ಧ್ವಜ ಜರಿಪಟಕಾ ಹೊತ್ತಿದ್ದ ಮೋರೋಪಂತ ದೀಕ್ಷಿತ ಅಲ್ಲೇ ಬಿದ್ದ. ಕಂಪನಿಯಲ್ಲಿ ಸತ್ತವರು, ಗಾಯಗೊಂಡವರು ಸೇರಿ 86. ಆ ಸಿಪಾಯಿಗಳಲ್ಲಿಯೂ ಹೆಚ್ಚಿನವರು ನಮ್ಮ ನೆಲದವರೇ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ನವೆಂಬರ್ 17ಕ್ಕೆ ಶನಿವಾರವಾಡೆಯ ಮೇಲೆ ಬ್ರಿಟಿಷ್ ಬಾವುಟ ಏರಿತು. ಗೆದ್ದವರು ಹಳೆಯ ಊರನ್ನು ಕೆಡವಲಿಲ್ಲ, ಅದರೊಳಗೆ ಬಂದು ನೆಲೆಸಲೂ ಇಲ್ಲ. ಪೂರ್ವಕ್ಕೆ ಅಗಲ ರಸ್ತೆ, ಕವಾಯತು ಬಯಲು, ಬಂಗಲೆ, ಚರ್ಚುಗಳ ತಮ್ಮದೇ ಊರು ಕಟ್ಟಿಕೊಂಡರು. ಪಾರ್ಸಿಗಳು, ಬೋಹ್ರಾಗಳು, ಯಹೂದಿಗಳು ವ್ಯಾಪಾರಕ್ಕೆ ಅಲ್ಲಿಗೆ ಬಂದರು; ಡೇವಿಡ್ ಸಸೂನ್ ಕಟ್ಟಿಸಿದ ಕೆಂಪಿಟ್ಟಿಗೆಯ ಯಹೂದಿ ಪ್ರಾರ್ಥನಾ ಮಂದಿರ ಇಂದಿಗೂ ಇದೆ. 1858ರಲ್ಲಿ ರೈಲು ಬಂದಾಗ ನಿಲ್ದಾಣ ಎದ್ದದ್ದೂ ಕ್ಯಾಂಪಿನ ಮಗ್ಗುಲಲ್ಲೇ.

ಆ ಸೋಲು ನಿಮ್ಮ ಊರಿನ ಕಡೆಗೂ ಬಂದಿತು. ಪೇಶ್ವೆಯ ಕೈಯಲ್ಲಿದ್ದ ಧಾರವಾಡ, ಬೆಳಗಾವಿ ಸೀಮೆ ಕಂಪನಿಗೆ ಸೇರಿ, ಪುಣೆಯಲ್ಲಿದ್ದ ದಖ್ಖನ್ ಕಮಿಷನರ್ ಕೆಳಗೆ ಬಂತು. 1824ರಲ್ಲಿ ಚೆನ್ನಮ್ಮನ ಕಿತ್ತೂರಿಗೆ ಬಂದ ಚಾಪ್ಲಿನ್ ಇದೇ ಕಮಿಷನರ್. ಮುಂದೆ 1956ರ ತನಕ ಆ ಸೀಮೆ ಮುಂಬೈ ಆಡಳಿತದಲ್ಲೇ ಇತ್ತು, ಬೇಂದ್ರೆಯವರು ಬಿ.ಎ. ಓದಲು ಧಾರವಾಡ ಬಿಟ್ಟು ಪುಣೆಗೆ ಬಂದದ್ದು ಈ ದಾರಿಯಲ್ಲಿಯೇ.

ಒಂದು ಬೆಳಿಗ್ಗೆ ಪರ್ವತಿ ಹತ್ತಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಎದುರಿಗೆ ಪೇಠೆಗಳು, ಬಲಕ್ಕೆ ಕ್ಯಾಂಪು. ದೂರದಲ್ಲಿ ಎಡಕ್ಕೆ, ಈಗ ವಿಶ್ವವಿದ್ಯಾಲಯವಿರುವ ಗಣೇಶಖಿಂಡ್, ಖಡಕಿಯ ಕಾಳಗ ನಡೆದ ದಿಕ್ಕು. ಆ ಮಧ್ಯಾಹ್ನ ಪೇಶ್ವೆಯ ಕಣ್ಣು ನೆಟ್ಟಿದ್ದು ಆ ಕಡೆಗೇ.